ಹೆರಿಗೆ ಕೋಣೆಯ ಚಿಲಕ

ಮತ್ತೆ ಅದೇ ಸದ್ದು, ಒಳಗಿನಿಂದ ಚಿಲಕ ಇನ್ನಷ್ಟು ಬಿಗಿಯಾದ ಸದ್ದು, ಈ ಶೆಫಾಲಿಗೆ ಎಷ್ಟು ಕೊಬ್ಬು ನೋಡು, ಐದು ದಿನದ ಬಾಣಂತಿ, ಹೆರಿಗೆ ಕೋಣೆಯನ್ನೇ ಅಪ್ಪನ ಮನೆ ಮಾಡಿಕೊಂಡಿದ್ದಾಳೆ, ಇತ್ತ ಹೊಸ್ತಿಲಲ್ಲಿ ಮೊಯ್ನಾ ಗೋಡೆಗೊರಗಿ ನೋವು ತಿನ್ನುತ್ತಿದ್ದಾಳೆ, ಅವಳ ಅತ್ತೆ ನನ್ನ ಕಿವಿಯಲ್ಲೇ ಅರಚುತ್ತಾಳೆ, ಏನ್ ಜೊಬೇದಾ, ಇಲ್ಲಿ ಸೂಲಗಿತ್ತಿ ನೀನಾ ಅವಳಾ, ಒದ್ದು ಹೊರಗೆ ಹಾಕಬಾರ್ದಾ — ಹಾಕುತ್ತೇನೆ, ನಿನ್ನನ್ನೂ ಸೇರಿಸಿ ಹಾಕುತ್ತೇನೆ ಮುದುಕಿ, ಎರಡು ಗಳಿಗೆ ಬಾಯಿ ಮುಚ್ಚು. ಹೆತ್ತ ಮರುದಿನ ಕೋಣೆ ಬಿಡಬೇಕು ಅಂತ ನಿಯಮ ಮಾಡಿದವಳು ನಾನೇ, ಕೆರೆ ಉಕ್ಕಿದಾಗ ಇಡೀ ಬಸ್ತಿಯಲ್ಲಿ ನೀರು ಹತ್ತದ ನೆಲ ಇದೊಂದೇ, ಢಾಕಾದ ದೊಡ್ಡಾಸ್ಪತ್ರೆಗೆ ಮೊದಲು ದೋಣಿ, ಆಮೇಲೆ ರಿಕ್ಷಾ, ದಾರಿಯಲ್ಲೇ ಸತ್ತವರನ್ನು ನೋಡಿ ನೋಡಿ ಸಾಕಾಗಿ ಸಂಘದ ಹೆಂಗಸರು ಇಟ್ಟಿಗೆ ಹೊತ್ತು ಕಟ್ಟಿದ ಕೋಣೆ, ಪಾಪ ಅಂತ ಇವಳನ್ನು ಇರಗೊಟ್ಟೆನಲ್ಲ, ಅದೇ ನನ್ನ ತಪ್ಪು, ಬೆರಳು ಕೊಟ್ಟರೆ ಹಸ್ತ ನುಂಗುವ ಜನ. ಅಟ್ಟವಿರುವ ನೆರೆಯವರಾದರೂ ಕರೆದುಕೊಳ್ಳುತ್ತಾರಾ, ಇಲ್ಲ, ನಲವತ್ತು ದಿನ ಬಾಣಂತಿ ಯಾರ ಹೊಸ್ತಿಲೂ ದಾಟುವಂತಿಲ್ಲ, ಮೈಲಿಗೆಯಂತೆ, ಹನ್ನೆರಡು ವರ್ಷದಿಂದ ಗಂಟಲು ಹರಿದುಕೊಂಡಿದ್ದೇನೆ, ಮೈಲಿಗೆಯೂ ಇಲ್ಲ ಮಣ್ಣೂ ಇಲ್ಲ, ನೀವು ಹುಟ್ಟಿದ್ದೂ ಅದೇ ರಕ್ತದಲ್ಲೇ ಕತ್ತೆಗಳಾ, ಚಿಕ್ಕಮ್ಮನನ್ನು ಕರೆದ ಹಾಗೆ ಹೂಂ ಖಾಲಾ ಹೂಂ ಖಾಲಾ ಅನ್ನುತ್ತಾರೆ, ಮನೆಗೆ ಹೋಗಿ ಬಾಗಿಲು ಹಾಕಿಕೊಳ್ಳುತ್ತಾರೆ.

ಶೆಫಾಲಿ, ತೆಗಿಯೇ ಬಾಗಿಲು, ನೀನೂ ಹೆತ್ತವಳೇ ಅಲ್ವಾ. ತೆಗೀತೀನಿ ಖಾಲಾ, ಎಲ್ಲಿಗೆ ಹೋಗ್ಲಿ ಅದನ್ನ ಹೇಳಿ. ನಿನ್ ಗುಡಿಸಲಿಗೆ ಹೋಗು. ಮಂಚದ ಮೇಲೆ ನೀರು ಬಂದಿದೆ ಖಾಲಾ, ಕೂಸನ್ನ ಎಲ್ಲಿ ಮಲಗಿಸ್ಲಿ, ಕೆರೇಲಾ. ಹಾಗಾದ್ರೆ ಯಾರ ಮನೆಗಾದ್ರೂ ಹೋಗಿ ಸಾಯಿ. ಇದೇ ದಿಬ್ಬದ ಮೇಲೆ ನಿಮ್ಮ ಕೋಣೆ ಒಣಗೇ ಇದ್ಯಲ್ಲ ಖಾಲಾ, ಸೂಲಗಿತ್ತಿ ಹತ್ತಿರ ಇರ್ಲಿ ಅಂತ ಸಂಘದಿಂದ್ಲೇ ಕಟ್ಟಿದ್ದಲ್ವಾ, ಅದಕ್ಕೂ ನಾನು ಇಟ್ಟಿಗೆ ಹೊತ್ತಿದ್ದೆ, ಕರ್ಕೊಂಡು ಹೋಗ್ತೀನಿ ಅನ್ನಿ, ಈಗ್ಲೇ ತೆಗೀತೀನಿ. — ಸಂಘದ ರಹೆಲಾ ನನ್ನ ಮುಖವನ್ನೇ ನೋಡುತ್ತಿದ್ದಾಳೆ, ಏನು ನೋಡುತ್ತೀಯೇ, ನನ್ನ ಗಂಡ ಒಪ್ಪಬೇಕಲ್ಲ, ಬಾಣಂತಿ ಇರೋ ಕಡೆ ನಮಾಜು ಮಾಡ್ಲಾ ಅನ್ನುತ್ತಾನಲ್ಲ — ಏನೂ ಅನ್ನುವುದಿಲ್ಲ, ಅವನು ಸತ್ತು ಎರಡು ವರ್ಷ, ಅಸಹ್ಯ ನನಗೇ, ನನ್ನ ಒಗೆದ ಹೊದಿಕೆಯ ಮೇಲೆ ಇವಳ ರಕ್ತ, ಥೂ, ಸಾವಿರ ಕೂಸು ಎತ್ತಿದ ಕೈ ಇದು, ಸೆರಗಿನ ತುದಿಯ ನನ್ನ ಕೋಣೆಯ ಬೀಗದ ಕೈಯನ್ನು ಯಾವಾಗ ಹಿಡಿದುಕೊಂಡಿತೋ, ಯಾರೋ ಕಸಿಯಲು ಬಂದ ಹಾಗೆ ಹಿಡಿದಿದೆ, ಆಯ್ತು ಬಾ ಅನ್ನು, ಒಂದು ಮಾತು, ಅನ್ನು ಜೊಬೇದಾ, ಮೊಯ್ನಾ ಕೂಗಿದಳು, ಹೊಸ್ತಿಲೆಲ್ಲ ನೀರಾಯಿತು, ಗರ್ಭದ ನೀರು ಒಡೆಯಿತು, ಒಳಗಿನಿಂದ ಚಿಲಕ ಸರಿಯಿತು, ಶೆಫಾಲಿ ಕೂಸನ್ನು ಸೆರಗಿನಲ್ಲಿ ಸುತ್ತಿಕೊಂಡು ಹೊರಗೆ ಬಂದಳು, ನನ್ನ ಕಡೆ ನೋಡಲಿಲ್ಲ, ಹೋಗು ತಂಗಿ, ನೆಲ ಒರೆಸಿದ್ದೀನಿ, ಅಂದಳು ಮೊಯ್ನಾಗೆ, ಮೆಟ್ಟಿಲಿಳಿದಳು, ನೀರು ಅವಳ ಪಾದಕ್ಕೆ, ಮೊಣಕಾಲಿಗೆ, ಕೂಸನ್ನು ಹೆಗಲಿಗೆತ್ತಿಕೊಂಡಳು, ನಿಲ್ಲೇ ಅನ್ನಬೇಕು, ಮೊಯ್ನಾಳನ್ನು ಒಳಗೆ ಮಲಗಿಸಿದ್ದಾರೆ, ಖಾಲಾ, ತಲೆ ಕಾಣ್ತಿದೆ, ಬೇಗ ಕೈ ತೊಳೀರಿ, ಅನ್ನುತ್ತಿದ್ದಾಳೆ ರಹೆಲಾ, ಬಿಸಿನೀರು ಇಟ್ಟಿದ್ದಾರೆ, ಸೋಪು ಇಟ್ಟಿದ್ದಾರೆ, ತೊಳೆಯಬೇಕಾದರೆ ಮುಷ್ಟಿ ಬಿಚ್ಚಬೇಕು, ಮುಷ್ಟಿಯಲ್ಲಿ ಬೀಗದ ಕೈ, ಬಿಚ್ಚಬೇಕು, ಬೀಗದ ಕೈ, ಬಿಚ್ಚು, ಬೀಗದ ಕೈ