ನೆಟ್‌ವರ್ಕ್ ಇತ್ರಿ, ಸರ್

ನಮ್ಮ ಮನೆಯ ಮೊಬೈಲು ಇರುತ್ತಿದ್ದುದು ದೇವರ ಜಗಲಿಯ ಮೇಲೆ. ಬಸವಣ್ಣನ ಫೋಟೋದ ಎಡಕ್ಕೆ, ವಿಭೂತಿ ಗಟ್ಟಿಯ ಪಕ್ಕದಲ್ಲಿ. ಈ ಬುದ್ಧಿ ಪೂರಾ ನನ್ನದು. ಮೋರಟಗಿಯಲ್ಲಿ ಬೇರೆ ಯಾವ ತಾಯಿಗೂ ಹೊಳೆಯದ್ದು ಈ ವಿಜಯಲಕ್ಷ್ಮಿಗೆ ಹೊಳೆಯಿತು ಅಂತ, ಬ್ಲೌಸು ಹೊಲಿಸಲು ಬಂದವರಿಗೆಲ್ಲ ಹೇಳಿ ಹೇಳಿ ಬೀಗುತ್ತಿದ್ದೆ. ಕೇಳಿದವರು ಹೌದೌದು ಅನ್ನುತ್ತಿದ್ದರು. ಅವರ ಮನೆಯಲ್ಲೂ ಇದೇ ಗೋಳು ಇತ್ತಲ್ಲ.

ಮಗಳು ಭಾಗ್ಯಜ್ಯೋತಿ ಸಿಂದಗಿಯ ಹೈಸ್ಕೂಲಿನಲ್ಲಿ ಒಂಬತ್ತನೇ ತರಗತಿ. ಅವಳ ಶಾಲೆಯವರಿಗೆ ಎಲ್ಲವೂ ಮೊಬೈಲಿನಲ್ಲೇ ಆಗಬೇಕು. ಪಾಠದ ವಿಡಿಯೋ ಅದರಲ್ಲಿ, ಮನೆಗೆಲಸದ ಫೋಟೋ ಹಾಕುವುದು ಅದರಲ್ಲಿ, ವಾರದ ಪರೀಕ್ಷೆಯೂ ಅದರಲ್ಲೇ. ಮಕ್ಕಳಿಗೆ ಮೊಬೈಲು ಕೊಡಬೇಡಿ ಎಂದು ಭಾಷಣ ಮಾಡುವವರೂ ಅವರೇ, ಮೊಬೈಲು ಇಲ್ಲದಿದ್ದರೆ ಹೇಗೆ ಎಂದು ಕೇಳುವವರೂ ಅವರೇ. ನಾನು ಅದನ್ನು ಕಿತ್ತುಕೊಂಡರೆ ಓದಿಗೆ ಕಲ್ಲು ಹಾಕಿದ ತಾಯಿ, ಕೊಟ್ಟರೆ ಮಗಳನ್ನು ಕೆಡಿಸಿದ ತಾಯಿ. ಸಿಟ್ಟು ಬರುವುದಿಲ್ಲವೇ?

ಮೊದಮೊದಲು ಜೋಳದ ಡಬ್ಬಿಯಲ್ಲಿ ಮುಚ್ಚಿಟ್ಟೆ. ಹುಡುಕಿ ತೆಗೆದಳು. ಗಂಡ ಸಂಗಮೇಶ ಲಾಕ್ ಹಾಕಿದ. ಆಮೇಲೆ ಅದನ್ನು ತೆಗೆಯಲು ಬಾರದೆ ಮಗಳನ್ನೇ ಕರೆದ. ಕೊನೆಗೆ ಒಂದು ಸೋಮವಾರ ಪೂಜೆ ಮಾಡುವಾಗ ನನಗೆ ಈ ಉಪಾಯ ಹೊಳೆಯಿತು, ಆಗಲೇ ತಂದು ಜಗಲಿಯ ಮೇಲಿಟ್ಟೆ.

"ಇದೇನಬೇ ವಿಜಯಾ, ಯಾವ ದೇವರನ್ನ ತಂದು ಕುಂದರ್ಸಿದಿ ಇಲ್ಲಿ?" ಎಂದರು ಅತ್ತೆ ಸಿದ್ದವ್ವ.

"ಸಾಲಿ ದೇವರ್ರಿ ಅತ್ತಿ. ಇದು ಒಲೀಲಿಲ್ಲಂದ್ರ ಪಾಸ್ ಮಾಡೂದಿಲ್ಲಂತ."

ನಿಯಮ ಸರಳವಾಗಿತ್ತು. ಫೋನು ಬೇಕಾದರೆ ಕೈಕಾಲು ಮುಖ ತೊಳೆಯಬೇಕು. ಹಣೆಗೆ ವಿಭೂತಿ ಹಚ್ಚಬೇಕು. ಜಗಲಿಯ ಮುಂದೆ ನಿಂತು ಯಾತಕ್ಕೆ ತೆಗೆದುಕೊಳ್ಳುತ್ತಿದ್ದೇನೆ ಅಂತ ಬಾಯಿ ಬಿಟ್ಟು ಹೇಳಬೇಕು. ಕೆಲಸ ಮುಗಿದ ಮೇಲೆ ತಿರುಗಿ ಅಲ್ಲೇ ತಂದಿಡಬೇಕು. ವಿಭೂತಿ ಹಚ್ಚಿಕೊಂಡು ದೇವರೆದುರು ಸುಳ್ಳು ಹೇಳಿದವರು ನಮ್ಮ ಮನೆತನದಲ್ಲಿ ಯಾರೂ ಇಲ್ಲ.

ಅಲ್ಲಿಂದ ನಮ್ಮ ಹುಡುಗಿಯ ಹಣೆ ಒಣಗಿದ್ದೇ ಇಲ್ಲ. "ನಿಮ್ಮ ಭಾಗ್ಯಾ ಏನ್ರಿ, ಮಠಕ್ಕ ಹೊಂಟಾಳೇನು?" ಎಂದು ಪಕ್ಕದ ಮನೆಯ ಶಮಶಾದಬಿ ನಗುತ್ತಿದ್ದಳು. ನಗಲಿ ಬಿಡು ಅಂದುಕೊಂಡೆ. ಮಷೀನಿನ ಮುಂದೆ ಕೂತವಳು ಆಗಾಗ ತಲೆ ಎತ್ತಿ ನೋಡುತ್ತಿದ್ದೆ. ಹಣೆ ಬೆಳ್ಳಗೆ ಕಂಡರೆ ಸಾಕು, ಓದುತ್ತಿದ್ದಾಳೆ ಅಂತ ನಿಶ್ಚಿಂತೆಯಿಂದ ಮತ್ತೆ ಹೊಲಿಗೆಗೆ ಬಗ್ಗುತ್ತಿದ್ದೆ. ಹಣೆ ನೋಡಿದೆ, ಪರದೆ ನೋಡಲಿಲ್ಲ.

ಅದೇ ಹೊತ್ತಿಗೆ ಬಿಜಾಪುರದಲ್ಲಿ ವಿಜ್ಞಾನ ರಸಪ್ರಶ್ನೆ ಸ್ಪರ್ಧೆ ನಿಗದಿಯಾಯಿತು. ಶಾಲೆಗೆ ಇಬ್ಬರೇ. ಆ ಇಬ್ಬರಲ್ಲಿ ನಮ್ಮ ಭಾಗ್ಯಜ್ಯೋತಿಯ ಹೆಸರು ಇತ್ತು. ಸ್ಪರ್ಧೆಗೆ ಹೋಗುವವರು ಮೊಬೈಲಿನ ಪರೀಕ್ಷೆ ತಪ್ಪಿಸಬಾರದು ಎಂಬ ಷರತ್ತು ಬೇರೆ ಇತ್ತು. ಹುಡುಗಿ ಊಟದ ಎದುರು ಕೂತರೂ ಅದೇ ಮಾತು, ಕಸ ಹೊಡೆಯುತ್ತಲೂ ಅದೇ ಮಾತು. ಅವಳಿಗೆ ಅಷ್ಟು ಆಸೆಯಾದ ಸಂಗತಿ ಇನ್ನೊಂದನ್ನು ನಾನು ಕಂಡಿಲ್ಲ.

ಸ್ಪರ್ಧೆಗೆ ಮುಂಚಿನ ಶನಿವಾರ ಪಾಲಕರ ಸಭೆ ಕರೆದರು. ಮಕ್ಕಳೂ ಜೊತೆಗಿರಬೇಕು ಎಂದಿದ್ದರು. ನಾವು ಮೂವರೂ ಮುಂಜಾನೆಯ ಬಸ್ಸಿಗೆ ಸಿಂದಗಿಗೆ ಹೋದೆವು. ನಾನು ಇಳಕಲ್ ಸೀರೆ ಉಟ್ಟಿದ್ದೆ. ಮಗಳನ್ನು ಹೊಗಳುವ ಹೊತ್ತಿಗೆ ತಾಯಿ ನಾಲ್ಕು ಜನರ ಕಣ್ಣಿಗೆ ಕಾಣಬೇಕಲ್ಲ.

ವಿಜ್ಞಾನ ಕಲಿಸುವ ಶಮಶುದ್ದೀನ ಸರ್ ಹೊಗಳಲು ನಿಂತಿರಲಿಲ್ಲ. ಪರೀಕ್ಷೆ ಕೊಡದ ಮಕ್ಕಳ ಹೆಸರು ಒಂದೊಂದೇ ಓದಿ, ಯಾಕೆ ಕೊಟ್ಟಿಲ್ಲ ಎಂದು ಪಾಲಕರನ್ನು ಕೇಳುತ್ತಿದ್ದರು. ಆಲಮೇಲದ ಕಡೆಯವರೊಬ್ಬರು ಎದ್ದು, "ನೆಟ್‌ವರ್ಕ್ ಇಲ್ರಿ ಸರ್, ನಮ್ಮ ಕಡೆ," ಎಂದರು. ಅವರ ಹಿಂದಿನವರೂ ಅದನ್ನೇ ಹೇಳಿದರು. ಮೂರನೆಯವನು ನಮ್ಮೂರಿನ ಮಾಳಿಂಗಪ್ಪ.

"ನಮ್ಮೂರಾಗೂ ಬರೂದಿಲ್ರಿ. ಮಾಳಿಗಿ ಮ್ಯಾಲ ಹತ್ತಿದ್ರೂ ಸಿಗೂದಿಲ್ಲ," ಎಂದ. ಟವರು ನಿಂತಿರುವುದೇ ಅವನ ಹಿತ್ತಲಿನಲ್ಲಿ. ನಾನು ಸೆರಗು ಬಾಯಿಗೆ ಹಿಡಿದು ನಗು ನುಂಗಿದೆ. ಅಷ್ಟರಲ್ಲಿ ಸರ್ ಭಾಗ್ಯಜ್ಯೋತಿಯ ಹೆಸರು ಓದಿದರು.

ನನ್ನ ನಗು ಅಲ್ಲೇ ನಿಂತುಹೋಯಿತು. ಈ ತಿಂಗಳ ಒಂದು ಪರೀಕ್ಷೆಯನ್ನೂ ಇವಳು ಕೊಟ್ಟೇ ಇಲ್ಲವಂತೆ! ದಿನಾ ಮುಖ ತೊಳೆದು, ದಿನಾ ವಿಭೂತಿ ಹಚ್ಚಿ, ವಾರ ವಾರ "ಪರೀಕ್ಷಾ ಬರೀತೇನಿ" ಎಂದು ಹೇಳಿ ಹೋದವಳು! ತಿರುಗಿ ನೋಡಿದರೆ ತಲೆ ತಗ್ಗಿಸಿ ಕೂತಿದ್ದಳು. ನಾನು ಬಾಯಿ ತೆರೆಯುವುದರೊಳಗೆ ಸಂಗಮೇಶ ಎದ್ದು ನಿಂತಿದ್ದ.

"ನಮ್ಮದೂ ಅದ ಹಾಡ್ರಿ ಸರ್. ನೆಟ್‌ವರ್ಕ್ ಇರೂದಿಲ್ಲ."

ನನ್ನ ಗಂಡ ತೊಗರಿ ತೂಗಿಸುವಾಗ ತಕ್ಕಡಿಯವನು ತಪ್ಪಿ ಹೆಚ್ಚು ತೂಕ ಬರೆದುಕೊಂಡರೂ ಹೇಳಿ ಸರಿಮಾಡಿಸುವ ಮನುಷ್ಯ. ಆ ಮಾತು ಹೇಳುವಾಗ ಅವನ ಕಿವಿಯ ತುದಿ ಕೆಂಪಾಗಿತ್ತು.

ಸರ್ ತಲೆ ಆಡಿಸಿದರು. "ಹಂಗಿದ್ರ ಅಡ್ಡಿಯಿಲ್ಲ. ನೆಟ್‌ವರ್ಕ್ ಇಲ್ಲದವ್ರಿಗೆ ಸೋಮವಾರ ಸಾಲ್ಯಾಗ ಪರೀಕ್ಷಾ ಇಡ್ತೇವಿ. ಭಾಗ್ಯಜ್ಯೋತಿ ಹೆಸರು ಸ್ಪರ್ಧಾಕ್ಕ ಹಂಗ ಇರ್ಲಿ."

ನನ್ನ ಉಸಿರು ತಿರುಗಿ ಬಂತು. ಮನೆಗೆ ಹೋದ ಮೇಲೆ ಇವಳ ಕಿವಿ ಹಿಂಡಿದರಾಯಿತು, ಸದ್ಯ ಮಾನ ಉಳಿಯಿತಲ್ಲ ಅಂದುಕೊಂಡೆ. ಸರ್ ಮುಂದಿನ ಹೆಸರಿಗೆ ಹೋಗುತ್ತಿದ್ದಂತೆ ಹುಡುಗಿ ಎದ್ದಳು.

"ನೆಟ್‌ವರ್ಕ್ ಇತ್ರಿ, ಸರ್."

ನಾನು ಅವಳ ದುಪಟ್ಟಾ ಹಿಡಿದು ಜಗ್ಗಿದೆ. ಅವಳು ಕೂರಲಿಲ್ಲ.

"ನಮ್ಮೂರಾಗ ನೆಟ್‌ವರ್ಕ್ ಚಲೋ ಬರತೈತ್ರಿ. ಪರೀಕ್ಷಾ ಬರೀತೇನಂತ ದೇವರ ಮುಂದ ಹೇಳಿ ಫೋನ್ ತಗೊಂತಿದ್ನಿ. ಬರದಿಲ್ರಿ. ಕಬಡ್ಡಿ ವಿಡಿಯೋ ನೋಡ್ಕೋತ ಕುಂದರ್ತಿದ್ನಿ. ಒಂದು ಮುಗಿಯೂದ್ರಾಗ ಇನ್ನೊಂದು ಬರತೈತ್ರಿ. ಬಿಡಾಕ ಆಗ್ಲಿಲ್ಲ."

ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕನೆ ನಕ್ಕರು. ಮಾಳಿಂಗಪ್ಪ ಮಾತ್ರ ನಗಲಿಲ್ಲ. ಮೋರಟಗಿಯಲ್ಲಿ ನೆಟ್‌ವರ್ಕ್ ಇದ್ದರೆ ಅದು ಅವನ ಮಗನಿಗೂ ಇದ್ದಂತೆಯೇ ಆಯಿತಲ್ಲ.

ಸರ್ ಕನ್ನಡಕ ತೆಗೆದು ಅವಳನ್ನು ನೋಡಿದರು. "ಹಿಂಗ ಹೇಳಿದ್ರ ಸ್ಪರ್ಧಾಕ್ಕ ನಿನ್ನ ಕಳಸಾಕ ಬರೂದಿಲ್ಲ. ಗೊತ್ತೈತಿಲ್ಲೋ?"

"ಗೊತ್ತೈತ್ರಿ."

"ವಿಚಾರ ಮಾಡಿ ಹೇಳಾಕತ್ತೀಯೇನು?"

"ಹೌದ್ರಿ ಸರ್."

ಸರ್ ಅವಳ ಹೆಸರು ತೆಗೆದು ಅವಳದೇ ತರಗತಿಯ ಶಕೀಲಳ ಹೆಸರು ಸೇರಿಸಿದರು. ಶಾಭಾಸ್ ಅನ್ನಲಿಲ್ಲ, ಬೈಯಲೂ ಇಲ್ಲ. "ಕುಂದರವಾ," ಎಂದರು, ಅಷ್ಟೇ. ಕಪಾಳಕ್ಕೆ ಒಂದು ಕೊಡಲೇ, ಎಲ್ಲರ ಮುಂದೆ ಅಪ್ಪಿಕೊಳ್ಳಲೇ ತಿಳಿಯದೆ ಅವಳ ಬೆವೆತ ಕೈಯನ್ನು ನನ್ನ ತೊಡೆಯ ಮೇಲಿಟ್ಟುಕೊಂಡು ಗಟ್ಟಿಯಾಗಿ ಹಿಡಿದೆ.

ಬಸ್‌ಸ್ಟ್ಯಾಂಡಿಗೆ ಬರುವಷ್ಟರಲ್ಲಿ ಮಾಳಿಂಗಪ್ಪ ಬೆನ್ನು ಹತ್ತಿ ಬಂದ. "ಏನಬೇ ತಂಗಿ, ನಿಮ್ಮ ಹುಡುಗಿ ಇಡೀ ಊರಿನ ಮರ್ಯಾದಿ ತಗದ್ಳಲ್ಲ! ತನ್ನದು ತಾ ನೋಡ್ಕೊಳ್ಳಿ, ಊರಿನ ನೆಟ್‌ವರ್ಕ್ ಸುದ್ದಿ ಯಾಕ ಬೇಕಿತ್ತು ಅಕಿಗೆ?"

ನನಗೆ ತಡೆಯಲಾಗಲಿಲ್ಲ. "ಮಾಳಿಂಗಪ್ಪಣ್ಣಾ, ಟವರು ನಿನ್ನ ಹಿತ್ತಲದಾಗ ಐತಿ. ಅದರ ಬಾಡಿಗಿ ತಿಂತಿ, ನೆಟ್‌ವರ್ಕ್ ಇಲ್ಲಂತಿ. ಮರ್ಯಾದಿ ತಗದವರು ಯಾರು? ನನ್ನ ಮಗಳು ತಪ್ಪು ಮಾಡ್ಯಾಳ. ಮಾಡಿ, ತಾನ ಎದ್ದು ನಿಂತು ಹೇಳ್ಯಾಳ. ನಿಮ್ಮಂಥಾ ದೊಡ್ಡ ಮೀಸಿಯವರಿಗೆ ಆಗ್ಲಿಲ್ಲಲ್ಲ ಅದು!"

ಅವನು ಏನೋ ಗೊಣಗಿ ಬಸ್ಸಿನ ಮುಂದಿನ ಬಾಗಿಲಿನಿಂದ ಹತ್ತಿದ. ನಾವು ಹಿಂದಿನಿಂದ ಹತ್ತಿದೆವು. ಕೂತ ಮೇಲೆ ಸಂಗಮೇಶ ಮಗಳ ಕಡೆ ನೋಡದೆಯೇ ಕೇಳಿದ.

"ಅಷ್ಟ ಮಂದಿ ಮುಂದ ನನ್ನ ಸುಳ್ಳುಗಾರನ್ನ ಮಾಡಿದೆಲ್ಲವಾ. ಮನಿಗೆ ಬಂದ ಮ್ಯಾಲ ಹೇಳಾಕ ಬರ್ತಿರ್ಲಿಲ್ಲೇನು?"

"ತಪ್ಪಾತ್ರಿ ಅಪ್ಪಾ," ಎಂದಳು. ಆಮೇಲೆ, "ನೀವು ಸುಳ್ಳು ಹೇಳಿದ್ದು ಎಂದೂ ಕೇಳಿಲ್ರಿ ನಾ. ನನ್ನ ಸಲುವಾಗಿ ಹೇಳಿದ್ರಿ. ಕೇಳ್ಕೋತ ಕುಂದರಾಕ ಆಗ್ಲಿಲ್ಲ," ಎಂದು ನನ್ನ ಹೆಗಲಿಗೆ ಮುಖ ಒತ್ತಿ ಅಳತೊಡಗಿದಳು. "ನನಗ ಬಿಜಾಪುರಕ್ಕ ಹೋಗಬೇಕಿತ್ತಬೇ, ಅವ್ವಾ."

"ಗೊತ್ತೈತಿ, ಮಗಳ," ಎಂದೆ. ಸಮಾಧಾನದ ಸುಳ್ಳು ಹೇಳುವ ಧೈರ್ಯ ನನಗೆ ಅವತ್ತು ಇರಲಿಲ್ಲ.

ಹುಡುಗಿಯ ಬಿಕ್ಕು ಇಡೀ ಬಸ್ಸಿಗೆ ಕೇಳುತ್ತಿತ್ತು. ಮುಂದಿನ ಸೀಟಿನ ಅಜ್ಜಿಯೊಬ್ಬಳು ತಿರುಗಿ ಕೂತು, "ಯಾಕ ಅಳಾಕತ್ತೈತೋ ಯಪ್ಪಾ ಕೂಸು? ನಾಪಾಸಾತೇನು?" ಎಂದು ಸಂಗಮೇಶನನ್ನು ಕೇಳಿದಳು. ಬಸ್ಸಿನಲ್ಲಿ ಅರ್ಧ ಜನ ನಮ್ಮೂರಿನವರೇ. ಎಲ್ಲರ ಕಿವಿಯೂ ಇತ್ತ ತಿರುಗಿತು. ಹೊಟ್ಟೆನೋವು ಎಂದು ಹೇಳಿ ಮುಗಿಸುತ್ತಾನೆ ಅಂದುಕೊಂಡೆ.

ಅವನು ಮುಂದಿನ ಸೀಟಿನ ಕಂಬಿ ಹಿಡಿದು ಎದ್ದು ನಿಂತ. ಹೊಲದ ಈ ಕೊನೆಯಿಂದ ಆ ಕೊನೆಗೆ ಕೂಗುವ ದನಿಯಲ್ಲಿ ಹೇಳಿದ.

"ನಾಪಾಸ ಆಗಿಲ್ಲಬೇ ಆಯಿ. ಮೊಬೈಲ್ ನೋಡ್ಕೋತ ಕುಂತು ಪರೀಕ್ಷಾ ಬಿಟ್ಟಾಳ, ಅದಕ್ಕ ಸ್ಪರ್ಧಾದಿಂದ ಹೆಸರು ತಗದಾರ. ನೆಟ್‌ವರ್ಕ್ ಇರ್ಲಿಲ್ಲಂತ ಸರ್ ಮುಂದ ಸುಳ್ಳು ಹೇಳಿದವ ನಾನು. ಖರೇ ಹೇಳಿದಕಿ ನನ್ನ ಮಗಳು."

ಭಾಗ್ಯಜ್ಯೋತಿ ಅಳು ನಿಲ್ಲಿಸಿ ಬಾಯಿ ತೆರೆದು ಅಪ್ಪನನ್ನು ನೋಡಿದಳು. ಆಮೇಲೆ ಮುಂದಿನಿಂದ ಮಾಳಿಂಗಪ್ಪನ ದನಿ ಬಂತು.

"ನಮ್ಮ ಹುಡುಗನ್ನೂ ಕೇಳ್ತೇನಿ ತಡೀ ಸಂಗಮೇಶಾ, ಮನಿಗೆ ಹೋದ ಮ್ಯಾಲ."

ಅಜ್ಜಿ ಕೈ ಚಾಚಿ ಹುಡುಗಿಯ ಗಲ್ಲ ಸವರಿ, ನೆಟಿಗೆ ಮುರಿದಳು. ಸಂಗಮೇಶ ಮಗಳ ಪಕ್ಕದಲ್ಲಿ ಕೂತ. ನಾನು ಇಬ್ಬರನ್ನೂ ನೋಡಿದೆ. ಒಬ್ಬಳು ನಾನು ಹೆತ್ತವಳು, ಒಬ್ಬ ನನ್ನನ್ನು ಕಟ್ಟಿಕೊಂಡವನು. ಇಬ್ಬರೂ ಒಂದೇ ದಿನ, ಹತ್ತಾರು ಜನರ ನಡುವೆ ಎದ್ದು ನಿಂತು ತಮ್ಮ ತಪ್ಪನ್ನು ತಾವೇ ಹೇಳಿದವರು. ಅವತ್ತು ಆ ಬಸ್ಸಿನಲ್ಲಿ ನನ್ನಷ್ಟು ಎದೆ ಉಬ್ಬಿಸಿ ಕೂತವರು ಇನ್ನೊಬ್ಬರಿರಲಿಲ್ಲ.