ಎವೆಲಿಯಾ ಒಬ್ಬಳೇ ಜಗಳಕ್ಕೆ ಹೊರಟದ್ದು

ಎಲ್ಲಿಂದ ಶುರುಮಾಡಲಿ? ನಮ್ಮ ಬೆಟ್ಟಸೀಮೆಯಲ್ಲಿ ಪದ ಹೇಳುವವರಿಗೆ ಈ ತಾಪತ್ರಯವಿಲ್ಲ. ಅವರು ಮೊದಲು ಮನೆಯೊಡೆಯನ ಅಪ್ಪಣೆ ಕೇಳುತ್ತಾರೆ, ಆಮೇಲೆ ಊರ ಸಂತನ ಅಪ್ಪಣೆ, ಆಮೇಲೆ ಬೆಂಚಿನ ಮೇಲೆ ಕೂತವರ ಅಪ್ಪಣೆ. ಅಷ್ಟರಲ್ಲಿ ಹತ್ತು ಸಾಲಿನ ಒಂದು ಪದ ಮುಗಿದೇ ಹೋಗಿರುತ್ತದೆ, ಕಥೆ ತಾನಾಗಿ ಶುರುವಾಗಿರುತ್ತದೆ. ನಾನು ಅವರ ಕಾಲಬುಡದಲ್ಲಿ ಕೂತು ಬೆಳೆದವನು. ಹೇಳಿದವನಲ್ಲ, ಕೇಳಿದವನು. ಈಗ ಕಾಗದದ ಮುಂದೆ ಕೂತರೆ ಯಾರ ಅಪ್ಪಣೆ ಕೇಳಬೇಕೋ ತಿಳಿಯುವುದಿಲ್ಲ. ನೀವು ಇದನ್ನು ಓದುತ್ತಿರುವುದು ಯಾರ ಮನೆಯಲ್ಲೋ? ಆ ಮನೆಯೊಡತಿಗೆ ನನ್ನ ನಮಸ್ಕಾರ ತಿಳಿಸಿ. ನನ್ನ ಊಟ ಆಗಿದೆ ಎಂದೂ ಹೇಳಿ, ಇಲ್ಲದಿದ್ದರೆ ನನಗೂ ತಟ್ಟೆ ಹಾಕಿಬಿಟ್ಟಾರು.

೧

"ಮಂಜು ಮುಸುಕಿದ ಬೆಟ್ಟದ ತಿರುವುಗಳಲ್ಲಿ, ಒಂಟಿ ಹೆಂಗಸೊಬ್ಬಳು, ಹಳೆಯ ಪಿಕಪ್ಪಿನಲ್ಲಿ, ತನ್ನನ್ನು ತಾನು ಹುಡುಕುತ್ತ..."

"ನಾನ್ಯಾಕೆ ನನ್ನನ್ನ ಹುಡುಕ್ಲಿ?" ಎಂದಳು ಎವೆಲಿಯಾ. "ಇಲ್ಲೇ ಇದೀನಲ್ಲ, ಸ್ಟಿಯರಿಂಗ್ ಹಿಂದೆ. ನಾನು ಹುಡುಕ್ತಿರೋದು ಒನೊರಿನಾನ. ಮಂಜೂ ಇಲ್ಲ, ಮಣ್ಣೂ ಇಲ್ಲ, ನೆತ್ತಿ ಸುಡೋ ಬಿಸಿಲು. ಹೊಡೆದು ಹಾಕು ಅದನ್ನ."

ಹೊಡೆದು ಹಾಕಿದೆ.

(ಪಾತ್ರ ಎದ್ದು ಬಂದು ಲೇಖಕನಿಗೆ ಬೈಯುವುದು ಹಳಸಲು ತಂತ್ರ ಎಂದು ನೀವು ಮೂಗು ಮುರಿಯಬಹುದು. ನಾನೂ ಮುರಿದೆ. ಆದರೆ ಎವೆಲಿಯಾ ಲಾಂದಾವೆರ್ದೆ ಎಂಬ ಈಕೆ ರಿಯೊವೆರ್ದೆ ಊರಿನ ಸಂತೆಯಲ್ಲಿ ಕಿತ್ತಳೆ ಮಾರಿ ಬದುಕಿದವಳು. ತಂತ್ರ ಗಿಂತ್ರ ಅಂದರೆ ತೂಕದ ಕಲ್ಲು ತಲೆಗೆ ಬರುತ್ತದೆ.)

೨

ಹಾಗಾದರೆ ಸುಮ್ಮನೆ ವಿಷಯ ಹೇಳಿಬಿಡುತ್ತೇನೆ.

ಎವೆಲಿಯಾಳ ತಾಯಿ ತೀರಿಕೊಂಡಳು. ನಮ್ಮಲ್ಲಿ ಹೆಣ ಎತ್ತಿದ ಜಾಗದಲ್ಲಿ, ನೆಲದ ಮೇಲೆ ಸುಣ್ಣದಿಂದ ಶಿಲುಬೆ ಬರೆಯುತ್ತೇವೆ. ಒಂಬತ್ತು ದಿನ ಜಪಸರ ಹಿಡಿದು ಪ್ರಾರ್ಥನೆ. ಒಂಬತ್ತನೆಯ ದಿನ ಪದ ಬಲ್ಲವಳೊಬ್ಬಳು ಸತ್ತವರ ಪರವಾಗಿ ಮನೆಗೆ ವಿದಾಯ ಹೇಳುತ್ತಾಳೆ: ಹೊಸ್ತಿಲಿಗೆ, ಒಲೆಗೆ, ಬಾವಿಗೆ. ಆಮೇಲೆ ಆ ಸುಣ್ಣವನ್ನು ಗೋರಿ ತೆಗೆಯುತ್ತಾರೆ, ಶಿಲುಬೆ ಎತ್ತುವುದು ಎಂದರೆ ಇದೇ. ಅಲ್ಲಿಯವರೆಗೆ ಸತ್ತವರು ಹೊರಟಿರುವುದಿಲ್ಲ, ಬಾಗಿಲಲ್ಲಿ ನಿಂತಿರುತ್ತಾರೆ. ಇದು ನಾನು ಕಟ್ಟಿದ ಕಲ್ಪನೆಯಲ್ಲ, ನಂಬಿಕೊಂಡು ಬಂದದ್ದು.

ಆ ಪದಗಳು ಪೂರ್ತಿ ಬಾಯಿಗೆ ಬರುವುದು ಒನೊರಿನಾಗೆ. ಎವೆಲಿಯಾಳ ಬಾಲ್ಯದ ಗೆಳತಿ, ಮದುವೆಯಾಗಿ ಬೆಟ್ಟದಾಚೆ ಹಿಲಿತ್ಲಾ ಊರು ಸೇರಿದವಳು. "ಬಾ, ಪದ ಹೇಳಿ ಶಿಲುಬೆ ಎತ್ತು" ಎಂದು ಹೇಳಿಕಳಿಸಿದರು. ಬರುತ್ತೇನೆ ಎಂದಳು. ಬರಲಿಲ್ಲ. ಜನ ಕಾದು ಕಾದು ಕೊನೆಗೆ ಯಾರದೋ ಫೋನಿನಲ್ಲಿ ಪದ ಹಾಕಿದರು. ಹೊಸ್ತಿಲು ಮುಗಿದು ಒಲೆಗೆ ಬರುವಷ್ಟರಲ್ಲಿ ನಡುವೆ ಹಾಸಿಗೆಯ ಜಾಹೀರಾತು ಬಂತು. ಬೆನ್ನುನೋವಿಗೆ ಉತ್ತಮವಂತೆ.

ಎವೆಲಿಯಾಗೆ ಇರುವುದು ಒಂದೇ ಪ್ರಶ್ನೆ: ಯಾಕೆ ಬರಲಿಲ್ಲ? ಅದನ್ನು ಫೋನಿನಲ್ಲಿ ಕೇಳುವಂತಿಲ್ಲ, ಫೋನಿನ ಮೇಲೆ ಅವಳಿಗೆ ನಂಬಿಕೆಯೇ ಹೋಗಿದೆ. ಮುಖ ನೋಡಬೇಕು, ಬೈಯಬೇಕು, ಆಮೇಲೆ ಕೇಳಬೇಕು. ಅದಕ್ಕೇ ಒಬ್ಬಳೇ ಹೊರಟಳು.

೩

ಬೆಳಗ್ಗೆ ಬಿಟ್ಟರೆ ಮಧ್ಯಾಹ್ನದ ಊಟಕ್ಕೆ ಹಿಲಿತ್ಲಾ. ನಾನು ಈ ಪ್ರಯಾಣವನ್ನು ಅರ್ಧ ಪುಟಕ್ಕೆ ಪ್ಲಾನ್ ಮಾಡಿದ್ದೆ. ಆದರೆ ದಾರಿಯಲ್ಲಿ ಸಾನ್ ಸೀರೊ ಬರುತ್ತದೆ, ಸಾನ್ ಸೀರೊದಲ್ಲಿ ಗೆಳತಿ ಅಂಪಾರೊ ಇದ್ದಾಳೆ. ಅಂಪಾರೊಳ ಮನೆ ಮುಂದೆ ಗಾಡಿ ನಿಲ್ಲಿಸದೆ ಹೋದವರ ಸುದ್ದಿ ಅವರಿಗಿಂತ ಮುಂಚೆ ಮುಂದಿನ ಊರು ಮುಟ್ಟುತ್ತದೆ.

"ಒಂದು ಲೋಟ ಕಾಫಿ ಕುಡಿದು ಹೊರಟೆ" ಎಂದಳು ಎವೆಲಿಯಾ. ಎರಡು ರಾತ್ರಿ ಉಳಿದಳು.

"ಒಬ್ಳೇ ಹೊರಟಿದೀಯಾ? ಜಗಳಕ್ಕೆ?" ಎಂದಳು ಅಂಪಾರೊ, ರೊಟ್ಟಿ ತಟ್ಟುತ್ತ.

"ಹೂಂ."

"ಹಿಡ್ಕೊಳ್ಳೋರು ಯಾರೂ ಇಲ್ದೆ?"

"ಯಾರನ್ನ ಹಿಡ್ಕೊಳ್ಳೋರು?"

"ನಿನ್ನನ್ನ ಕಣೇ! 'ಬಿಡ್ರೇ ನನ್ನ, ಬಿಡ್ರೇ' ಅಂತ ಕೂಗೋಕಾದ್ರೂ ಯಾರೋ ಒಬ್ರು ಹಿಡ್ಕೊಂಡಿರ್ಬೇಕೋ ಬೇಡ್ವೋ? ಯಾರೂ ಹಿಡೀಲಿಲ್ಲ ಅಂದ್ರೆ ನೀನು ನಿಜವಾಗ್ಲೂ ಹೊಡೀಬೇಕಾಗುತ್ತೆ. ಆಮೇಲೆ ನಿಂಗೇ ಕಷ್ಟ. ನಮ್ಮತ್ತೇನ ಕರ್ಕೊಂಡು ಹೋಗು. ಹಿಡಿಯೋದ್ರಲ್ಲಿ ಗಟ್ಟಿ. ಮದುವೆ ಆದಾಗಿಂದ ನನ್ನ ಹಿಡ್ಕೊಂಡೇ ಇದಾರೆ."

ಅತ್ತೆ ಪೆತ್ರೊನಿಲಾ ಆಗಲೇ ಗಾಡಿಯಲ್ಲಿ ಕೂತು ಬಾಗಿಲು ಹಾಕಿಕೊಂಡಿದ್ದಳು.

(ಒಂಟಿ ಪ್ರಯಾಣದ ಕಥೆ ಬರೆಯುತ್ತೇನೆ ಎಂದು ಎಲ್ಲರಿಗೂ ಹೇಳಿಕೊಂಡು ಬಂದಿದ್ದೇನೆ. ಎರಡನೆಯ ಡ್ರಾಫ್ಟಿನಲ್ಲಿ ಪೆತ್ರೊನಿಲಾಳನ್ನು ತೆಗೆದೆ. ಪುಟ ತಿರುಗಿಸಿದರೆ ಅಲ್ಲೇ ಗೊರಕೆ ಹೊಡೆಯುತ್ತಿದ್ದಾಳೆ. ಮತ್ತೆ ತೆಗೆದೆ. ಕಣ್ಣು ತೆರೆದು, "ಕಿಟಕಿ ಏರಿಸು ಮಗಾ, ಗಾಳಿ" ಎಂದಳು. ಏರಿಸಿದೆ.)

೫

(ನಾಲ್ಕನೆಯ ಭಾಗದ ಮೇಲೆ ಪೆತ್ರೊನಿಲಾ ಕೂತಿದ್ದಾಳೆ. ಎದ್ದಾಗ ಓದೋಣ.)

ಆರೊಯೊ ಸೆಕೊ ಹತ್ತಿರ ಗಾಡಿ ಕಾದು ಹೊಗೆ ಬಿಟ್ಟಿತು. ರಸ್ತೆ ಪಕ್ಕದ ಮನೆಯಿಂದ ಒಬ್ಬ ಕೊಡ ಹಿಡಿದುಕೊಂಡು ಓಡಿ ಬಂದ. ಹೆಸರು ವಿಲ್ಫ್ರಿದೊ, ಹಿಂದೆ ಮುಂದೆ ಗೊತ್ತಿಲ್ಲದ ಮನುಷ್ಯ. ರೇಡಿಯೇಟರಿಗೆ ನೀರು ಹೊಯ್ದ. ಉಳಿದ ನೀರಲ್ಲಿ ಇವರ ಕೈ ತೊಳೆಸಿದ. ಕೈ ತೊಳೆದ ಮೇಲೆ ಊಟಕ್ಕೆ ಕೂರದೆ ಹೋಗುವುದುಂಟೇ? ಬೀನ್ಸ್, ಕಳ್ಳಿ ಪಲ್ಯ, ಬಿಸಿ ರೊಟ್ಟಿ. ಊಟದ ನಡುವೆ ವಿಲ್ಫ್ರಿದೊ ಸಂಕೋಚದಿಂದ ತಲೆ ಕೆರೆದುಕೊಂಡ.

"ಅಕ್ಕಾ, ಸೂರಿನ ಮೇಲೆ ಹೊಸ ನೀರಿನ ಟ್ಯಾಂಕು ಇಟ್ಟಿದೀವಿ. ಆದ್ರೆ ಅದಕ್ಕೆ ಧರ್ಮತಾಯಿ ಇಲ್ಲ."

"ಟ್ಯಾಂಕಿಗಾ?"

"ಬಡ ಟ್ಯಾಂಕು ಅಕ್ಕಾ. ಯಾರೂ ಇಲ್ಲ ಅದಕ್ಕೆ."

ದೀಕ್ಷಾಸ್ನಾನದಲ್ಲಿ ಎತ್ತಿ ಹಿಡಿದು ಹೊಣೆ ಹೊರುವ ಧರ್ಮತಾಯಿ ನಮ್ಮಲ್ಲಿ ಬರೀ ಮಗುವಿಗಲ್ಲ. ಹೊಸ ಮನೆಗೆ, ಮದುವೆಯ ಕೇಕಿಗೆ, ಟ್ರ್ಯಾಕ್ಟರಿಗೆ, ಎಲ್ಲಕ್ಕೂ ಬೇಕು. ಎವೆಲಿಯಾ ಏಣಿ ಹತ್ತಿ ಟ್ಯಾಂಕಿಗೆ ರಿಬ್ಬನ್ ಕಟ್ಟಿದಳು, ತೀರ್ಥ ಚಿಮುಕಿಸಿದಳು, ಕೆಳಗೆ ಪಟಾಕಿ ಸಿಡಿಯಿತು. ಆ ಗಳಿಗೆಯಿಂದ ಅವಳು ಆ ಮನೆಗೆ ಕೊಮಾದ್ರೆ, ಅವನು ಅವಳಿಗೆ ಕೊಂಪಾದ್ರೆ. ಒಮ್ಮೆ ಈ ಧರ್ಮದ ನಂಟು ಬಿದ್ದರೆ ಮುಗಿಯಿತು, ಮಾತೆಲ್ಲ 'ತಾವು', ಸಾಯುವ ತನಕ ಇಬ್ಬರೂ ಜಗಳವಾಡುವಂತಿಲ್ಲ. ಆಡಿದರೆ ಪಾಪ. ದೇವರ ಎದುರಿಗೇ ಎಂಜಲು ಉಗಿದ ಹಾಗೆ.

ಬೆಳಗ್ಗೆ ಎದ್ದು ನೋಡಿದರೆ ವಿಲ್ಫ್ರಿದೊನ ಆಡು ಪಿಕಪ್ಪಿನ ಸೀಟನ್ನು ಅರ್ಧ ತಿಂದು ಮುಗಿಸಿತ್ತು. ಹಿಂದಿನ ದಿನವಾಗಿದ್ದರೆ ಎವೆಲಿಯಾಳ ಬಾಯಿಗೆ ಆಡೂ ಹೆದರುತ್ತಿತ್ತು. ಈಗ ಹಲ್ಲು ಕಚ್ಚಿ ನಗುತ್ತ ಹೇಳಿದಳು:

"ಕೊಂಪಾದ್ರೆ, ತಮ್ಮ ಆಡು ನನ್ನ ಸೀಟು ತಿಂದಿದೆ."

"ಅಯ್ಯೋ ಕೊಮಾದ್ರೆ, ನಂದೇನು ಬಂತು, ತಮ್ಮದೇ ಆಡು ಅನ್ಕೊಳ್ಳಿ."

"ತಮ್ಮ ದೊಡ್ಡ ಮನಸ್ಸು."

"ತಮ್ಮ ಸೀಟೂ ದೊಡ್ಡದೇ."

೬

"ಏ ಕಥೆಗಾರ!" ಸೀಟು ಹೋದ ಸ್ಪ್ರಿಂಗಿನ ಮೇಲೆ ಕುಲುಕುತ್ತ ಗಾಡಿ ಓಡಿಸುತ್ತಿದ್ದ ಎವೆಲಿಯಾ ನನ್ನನ್ನು ತರಾಟೆಗೆ ತೆಗೆದುಕೊಂಡಳು. "ದಾರಿ ತುಂಬ ಬರೀ ಒಳ್ಳೆಯವ್ರನ್ನೇ ಯಾಕೆ ಸುರೀತಿದೀಯ? ಊಟ ಹಾಕ್ತಾರೆ, ಹಾಸಿಗೆ ಹಾಸ್ತಾರೆ, ಬುತ್ತಿ ಕಟ್ತಾರೆ. ನನ್ನ ಸಿಟ್ಟು ಆರಿ ಹೋಗ್ತಿದೆ! ನಗ್ತಾ ನಗ್ತಾ ಒನೊರಿನಾ ಮನೆಗೆ ಹೋಗ್ಲಾ? ಒಬ್ಬ ಕೆಟ್ಟವನನ್ನ ಹಾಕು."

ಮಾತು ಸರಿಯೇ. ಸಿಟ್ಟು ಆರಿದರೆ ಪ್ರಶ್ನೆ ಗಂಟಲಲ್ಲೇ ಉಳಿಯುತ್ತದೆ, ಪ್ರಶ್ನೆ ಉಳಿದರೆ ಅವಳ ತಾಯಿ ಜಾಹೀರಾತಿನ ಮಧ್ಯೆ ಸಿಕ್ಕಿಕೊಂಡೇ ಇರುತ್ತಾಳೆ. ನಾನು ಹಾಲ್ಪನ್ ಊರು ದಾಟಿದ ಮೇಲಿನ ತಿರುವಿನಲ್ಲಿ ಒಬ್ಬ ದರೋಡೆಕೋರನನ್ನು ನಿಲ್ಲಿಸಿದೆ. ಮೀಸೆ ಕೊಟ್ಟೆ. ಕೈಗೆ ಉದ್ದನೆಯ ಮಚ್ಚು ಕೊಟ್ಟೆ.

"ಇಳೀರಿ ಕೆಳಗೆ!" ಎಂದು ಗುಡುಗಿದ.

ಇಳಿದರು. ಎವೆಲಿಯಾಳ ಕಣ್ಣಲ್ಲಿ ಕಿಡಿ ಮೂಡಿತು. ನನಗೂ ಬರೆಯುವ ಹುರುಪು ಬಂತು.

"ಮನೆ ಇಲ್ಲೇ ತಗ್ಗಲ್ಲಿ" ಎಂದ ದರೋಡೆಕೋರ. "ಹೆಂಡ್ತಿ ಕೋಳಿ ಸಾರು ಮಾಡಿದಾಳೆ, ಉಣ್ಣೋರಿಲ್ಲ. ಅಲ್ಲೀವರೆಗೂ ಇದನ್ನ ಅಗೀತಿರಿ." ನಾನು ಕೊಟ್ಟ ಮಚ್ಚಿನಿಂದ ಕಬ್ಬು ಸಿಗಿದು ಇಬ್ಬರ ಕೈಗೂ ಇಟ್ಟ.

(ಬರೆದದ್ದು ನಾನೇ. ಆದರೆ ನಾನೂ ಈ ಸೀಮೆಯವನೇ ಅಲ್ಲವೇ? ಬೇರೆ ಥರ ದರೋಡೆಕೋರ ನನ್ನ ಕೈಯಲ್ಲಿ ಹುಟ್ಟಲಿಲ್ಲ. ಅವನ ಹೊಸ ಬಚ್ಚಲುಮನೆಯ ಬಾಗಿಲಿಗೆ ಈಗ ಎವೆಲಿಯಾ ಧರ್ಮತಾಯಿ.)

೭

ಕೊನೆಗೂ ಹಿಲಿತ್ಲಾ. ಮಧ್ಯಾಹ್ನ. ಒನೊರಿನಾಳ ಅಂಗಳ, ಕಾಫಿ ಬೀಜ ಒಣಗಲು ಹರಡಿದೆ. ನನ್ನ ಹತ್ತಿರ ಕೆಲವು ಮುಕ್ತಾಯಗಳಿವೆ, ಆರಿಸಿಕೊಳ್ಳಿ.

ಮುಕ್ತಾಯ ಅ: ಗೆಳತಿಯರು ಒಬ್ಬರನ್ನೊಬ್ಬರು ಅಪ್ಪಿಕೊಂಡು ಅಳುತ್ತಾರೆ. ಬೆಟ್ಟದ ಮೇಲೆ ಕಾಮನಬಿಲ್ಲು.

("ಆ ಬಿಲ್ಲು ನಿನ್ನ ತಲೆ ಮೇಲೆ ಮುರಿದು ಬೀಳ್ಲಿ" ಎಂದಳು ಎವೆಲಿಯಾ.)

ಮುಕ್ತಾಯ ಆ: ಬಾಗಿಲಿಗೆ ಬೀಗ. ಒನೊರಿನಾ ತೀರಿಕೊಂಡು ವಾರವಾಯಿತು ಎಂದು ನೆರೆಯವಳು ಹೇಳುತ್ತಾಳೆ.

"ಯಾವನೋ ಅದು ಹೊರಗೆ ನಿಂತು ನನ್ನ ಸಾಯಿಸ್ತಿರೋನು?" ಒಳಗಿಂದ ದನಿ ಬಂತು. ಒನೊರಿನಾ ಏಪ್ರನ್ನಿಗೆ ಕೈ ಒರೆಸುತ್ತ ಹೊರಬಂದಳು. ಎವೆಲಿಯಾಳನ್ನು ನೋಡಿದಳು. ನಿಂತಳು.

ಮಿಕ್ಕ ಮುಕ್ತಾಯಗಳು ನನ್ನ ಜೇಬಿನಲ್ಲೇ ಉಳಿದವು.

"ಬಂದ್ಯಾ" ಎಂದಳು ಒನೊರಿನಾ.

"ಬಂದೆ. ನೀನು ಬರ್ಲಿಲ್ಲ, ಅದಕ್ಕೆ ನಾನೇ ಬಂದೆ. ಯಾಕೇ ಬರ್ಲಿಲ್ಲ? ನಮ್ಮಮ್ಮ ನಿಂಗೇನು ಮಾಡಿದ್ಲೇ? ನಿನ್ನ ಜಡೆ ಹಾಕಿ ಸ್ಕೂಲಿಗೆ ಕಳಿಸಿದ್ದೇ ತಪ್ಪಾಯ್ತಾ? ಬಿಡಿ ನನ್ನ, ಬಿಡಿ!"

ಪೆತ್ರೊನಿಲಾ ಇನ್ನೂ ಹಿಡಿದಿರಲಿಲ್ಲ. ಗಡಬಡಿಸಿ ಗಾಡಿಯಿಂದಿಳಿದು ಬಂದು ಹಿಡಿದುಕೊಂಡಳು.

"ಅಮ್ಮನಿಗೆ ಪದ ಹೇಳು ಅಂದ್ರೆ ಬರ್ತಿದ್ದೆ" ಎಂದಳು ಒನೊರಿನಾ. "ಶಿಲುಬೆನೂ ಎತ್ತು ಅಂದ್ರಿ. ಎತ್ತಿದವ್ಳು ಆ ಮನೆಗೆ ಏನಾಗ್ತಾಳೆ? ನೀನೇ ಹೇಳು."

"ಕೊಮಾದ್ರೆ ಆಗ್ತಾಳೆ. ಆದ್ರೆ ಏನೀಗ?"

"ಏನೀಗಾ? ಆಮೇಲೆ 'ತಾವು ಬನ್ನಿ', 'ತಾವು ಕೂತ್ಕೊಳ್ಳಿ'. ನೋಡೇ, ಈ ಊರಲ್ಲಿ ಯಾರ ಮನೇಲಿ ಸಾವಾದ್ರೂ ಪದ ಹೇಳೋಳು ನಾನು, ಶಿಲುಬೆ ಎತ್ತೋಳೂ ನಾನು. ಒಂದೂ ಮನೆ ಬಿಟ್ಟಿಲ್ಲ. ಎಲ್ಲಾರೂ ನಂಗೆ ಕೊಮಾದ್ರೆ. ಪಕ್ಕದ ಮನೆಯೋಳ ಹಂದಿ ನನ್ನ ಕಾಫಿ ತುಳೀತು, ನಾನು ಕೈ ಮುಗಿದೆ. ಒಬ್ಬರ ಮೇಲೆ ದನಿ ಎತ್ತಿ ಎಷ್ಟು ವರ್ಷ ಆಯ್ತೋ! ರಾಗ ಬಿಟ್ರೆ ನನ್ನ ಗಂಟಲಿಗೆ ಬೇರೆ ಕೆಲಸಾನೇ ಇಲ್ಲ. ಬೈಯೋಕೆ, ಬೈಸ್ಕೊಳ್ಳೋಕೆ ನಂಗೆ ಭೂಮಿ ಮೇಲೆ ಉಳಿದಿರೋಳು ನೀನೊಬ್ಳು. ನಿನ್ನನ್ನೂ ಕಳ್ಕೊಳ್ಲಾ?"

ಪೆತ್ರೊನಿಲಾಳ ಹಿಡಿತ ಸಡಿಲವಾಯಿತು.

"ಅದಕ್ಕೆ" ಎಂದಳು ಎವೆಲಿಯಾ, ತಗ್ಗಿದ ದನಿಯಲ್ಲಿ, ಅದು ಬೈಗುಳಕ್ಕಿಂತ ಕೆಟ್ಟದಾಗಿತ್ತು, "ಅದಕ್ಕೆ ನಮ್ಮಮ್ಮನ್ನ ಹಾಸಿಗೆ ಜಾಹೀರಾತು ಕೇಳಿಸಿ ಕಳಿಸಿದ್ಯಾ?"

"ನಾನು ಹೇಳ್ದೆ. ಪದ ಪೂರ್ತಿ. ಆವತ್ತೇ, ಇದೇ ಅಂಗಳದಲ್ಲಿ, ನಿಮ್ಮೂರ ಕಡೆ ಮುಖ ಮಾಡಿ."

"ಯಾರು ಕೇಳಿಸ್ಕೊಂಡ್ರು?"

ಒನೊರಿನಾ ಸುತ್ತ ನೋಡಿದಳು. "ಟರ್ಕಿ ಕೋಳಿಗಳು."

"ಥೂ, ಸುಳ್ಳಿ!" ಎಂದು ಎವೆಲಿಯಾ ಸರ್ರನೆ ನನ್ನ ಕಡೆ ತಿರುಗಿದಳು. "ನೀನು ಹೇಳು. ಬರೀತಿರೋನು ನೀನಲ್ವಾ? ಇವಳು ಹೇಳಿದ್ಲಾ, ಇಲ್ವಾ?"

ಒಂದೇ ಸಾಲು ಸಾಕು. "ಆ ದಿನ ಒನೊರಿನಾ ಅಂಗಳದಲ್ಲಿ ನಿಂತು ಪದ ಹೇಳಿದಳು" ಎಂದು ಬರೆದರೆ ಅದು ನಡೆದ ಸಂಗತಿಯಾಗಿಬಿಡುತ್ತದೆ. ಎವೆಲಿಯಾ ಊರಿಗೆ ಹೋಗಿ ನೆಮ್ಮದಿಯಾಗಿ ಮಲಗುತ್ತಾಳೆ, ನಿಮಗೂ ಬೆಚ್ಚಗೆ ಒಂದು ಕ್ಲೈಮ್ಯಾಕ್ಸ್. ಪೆನ್ನು ಕಾಗದಕ್ಕೆ ಮುಟ್ಟಿಸಿದೆ.

"ಬರೀಬೇಡ" ಎಂದಳು ಒನೊರಿನಾ. "ಅವಳು ನಂಬಬೇಕಾದ್ದು ನನ್ನನ್ನ, ನಿನ್ನನ್ನಲ್ಲ."

ಪೆನ್ನು ಎತ್ತಿದೆ. (ಎತ್ತಿದ ಮೇಲೂ ಒಂದು ಚುಕ್ಕೆ ಉಳಿದಿದೆ. ಅದನ್ನು ಏನಾದರೂ ಎಂದು ಓದಿಕೊಳ್ಳಬೇಡಿ.)

ಎವೆಲಿಯಾ ನನ್ನನ್ನೂ ಅವಳನ್ನೂ ನೋಡಿದಳು. ಪೆತ್ರೊನಿಲಾಳ ಕೈಯಿಂದ ಮೆಲ್ಲಗೆ ಬಿಡಿಸಿಕೊಂಡಳು.

"ಸರಿ. ಈಗ ಹೇಳು. ನಮ್ಮಜ್ಜಿ ಸತ್ತಾಗ ಕೇಳಿದೀನಿ, ನಂಗೂ ಸಾಲು ಗೊತ್ತು. ಒಂದು ಕಡೆ ತಪ್ಪಿದ್ರೂ, ಆವತ್ತು ನೀನು ಹೇಳಿಲ್ಲ ಅಂತ್ಲೇ ನಾನು ತಿಳ್ಕೋತೀನಿ."

ಒನೊರಿನಾ ಏಪ್ರನ್ ಬಿಚ್ಚಿಟ್ಟಳು. ತಲೆಯ ಮೇಲೆ ಶಾಲು ಎಳೆದುಕೊಂಡು ಕಾಫಿ ಬೀಜ ತುಳಿಯದ ಹಾಗೆ ಅಂಗಳದ ನಡುವೆ ಬಂದು ನಿಂತಳು. ಟರ್ಕಿ ಕೋಳಿಗಳು ತಾವಾಗಿ ಬೇಲಿಯಂಚಿಗೆ ಸರಿದವು. ಅಭ್ಯಾಸವೋ, ಹೆದರಿಕೆಯೋ.

ಹೊಸ್ತಿಲವ್ವಾ, ನನ್ನ ಕಾಲ ಹಿಡಿಯಬೇಡ,
ಬಂದ ಹೆಜ್ಜೆಯ ಗುರುತು ನೀನೇ ಬಲ್ಲೆ.
ಒಲೆಯವ್ವಾ, ನನಗಾಗಿ ಉರಿಯಬೇಡ,
ಹಸಿದವರು ಇನ್ನೂ ಇದ್ದಾರೆ ಇಲ್ಲೇ...

ಇನ್ನು ಬಾವಿಯ ಸಾಲು. ಒನೊರಿನಾ ನಿಂತಳು. ಉಸಿರಿಗೆ ನಿಂತಳೋ, ಮರೆತು ನಿಂತಳೋ, ಅವಳ ಕಣ್ಣು ಮುಚ್ಚಿತ್ತು, ತಿಳಿಯಲಿಲ್ಲ. ಸತ್ತವರ ಪದ ನಡೆಯುವಾಗ ಬರೆಯಬಾರದು, ಟೋಪಿ ತೆಗೆದು ಕೇಳಬೇಕು ಎಂದು ನನಗೆ ಕಲಿಸಿದ್ದಾರೆ. ಇಷ್ಟು ಬರೆದದ್ದೇ ಹೆಚ್ಚಾಯಿತು. ಪೆನ್ನು ಮುಚ್ಚುವ ಮುಂಚೆ ಕಂಡದ್ದು ಇಷ್ಟೇ: ಬಾವಿಯ ಸಾಲಿನ ಮೊದಲ ಮಾತಿಗೆ ಎವೆಲಿಯಾಳ ತುಟಿ ಆಗಲೇ ಅಣಿಯಾಗಿ ತೆರೆದಿತ್ತು. ದನಿ ಇನ್ನೂ ಹೊರಟಿರಲಿಲ್ಲ.