ಕೆಂಚಪ್ಪನ ದನಿ

ಸ್ವಾಮಿ ಸಾರ್ ಹೋದರು ಎಂದು ನಂಜಣ್ಣ ಫೋನ್ ಮಾಡಿದಾಗ ನಾನು ಬ್ಲೌಸಿಗೆ ಹುಕ್ಕು ಹಾಕುತ್ತಿದ್ದೆ. ನಂಜಣ್ಣ ಹುಣಸೂರಿನಲ್ಲಿ ಕೇಬಲ್ ಆಫೀಸು ಇಟ್ಟುಕೊಂಡಿದ್ದವನು, ಒಂದು ಕಾಲದಲ್ಲಿ ನನಗೂ ಸಾರ್‌ಗೂ ಸಂಬಳ ಕೊಡುತ್ತಿದ್ದವನು.

"ಹಾರ್ಟು ಕಣಮ್ಮ ಪದ್ಮ. ಬೆಳಿಗ್ಗೆ ಕಾಫಿ ಕುಡ್ದು ಕೂತಿದ್ದೋರು ಅಂಗೇ ವಾಲ್ಕೊಂಡ್ರಂತೆ. ಸಂಜೆಗೇ ಮಣ್ಣು. ನಾನು ಮಗಳ ಊರಲ್ಲಿವ್ನಿ, ಬರಕ್ಕಾಗಲ್ಲ. ನೀನಾದ್ರೂ ಹೋಗು."

"ಹೂಂ" ಎಂದೆ. ಫೋನ್ ಇಟ್ಟು ಉಳಿದ ಹುಕ್ಕುಗಳನ್ನೂ ಹಾಕಿ ಮುಗಿಸಿದೆ. ಗಿರಾಕಿ ಬಂದಳು, ಕಂಕುಳ ಹತ್ತಿರ ಬಿಗಿಯಾಯಿತು ಎಂದಳು, ಬಿಚ್ಚಿ ಸಡಿಲ ಮಾಡಿಕೊಟ್ಟೆ. ಎದೆಯೊಳಗೆ ಏನಾದರೂ ಆಗುತ್ತದೇನೋ ಎಂದು ನೋಡಿದೆ, ಏನೂ ಆಗಲಿಲ್ಲ. ಬಂದ ಯೋಚನೆ ಒಂದೇ: ಕೆಂಚಪ್ಪ ಎಲ್ಲಿದ್ದಾನೆ? ಸತ್ತವರ ಸುದ್ದಿ ಕೇಳಿದವಳು ಬೊಂಬೆಯ ಯೋಚನೆ ಮಾಡುತ್ತಾಳೆಯೇ ಎಂದು ಬೇಕಾದವರು ಬಯ್ಯಲಿ. ನಾನು ಮಾಡಿದೆ.

ಕೆಂಚಪ್ಪ ಒಂದು ಕೆಂದಳಿಲು, ಕೈಗೆ ತೊಟ್ಟು ಆಡಿಸುವ ಬೊಂಬೆ. ಹಳೆಯ ಮಂಕಿ ಟೋಪಿಯೊಂದನ್ನು ಕತ್ತರಿಸಿ, ಕೋಟಿನ ಗುಂಡಿಗಳನ್ನು ಕಣ್ಣಿಗೆ ಹೊಲಿದು, ಕೇಬಲ್ ಆಫೀಸಿನ ಹಿಂದಿನ ರೂಮಿನಲ್ಲಿ ಕೂತು ನಾನೇ ಮಾಡಿದ್ದು. ಆಗ ನಾನು ಟೈಲರಿಂಗ್ ಕಲಿತು ಆಫೀಸಿನಲ್ಲಿ ಫೋನ್ ಎತ್ತುವ ಕೆಲಸಕ್ಕೆ ಸೇರಿದ್ದೆ. ಸಾರ್ ಹಂಪಾಪುರದ ಕಡೆಯ ಪ್ರೈಮರಿ ಶಾಲೆಯ ಮೇಷ್ಟ್ರು, ಹೆಸರು ವೀರಭದ್ರಸ್ವಾಮಿ. ಭಾನುವಾರ ಬೆಳಿಗ್ಗೆ ಬಸ್ಸಿನಲ್ಲಿ ಬಂದು ನಮ್ಮ ಲೋಕಲ್ ಚಾನೆಲ್ಲಿನಲ್ಲಿ ಮಕ್ಕಳ ಕಾರ್ಯಕ್ರಮ ನಡೆಸುತ್ತಿದ್ದರು. ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ, ನಂಜಣ್ಣನ ವೈರು ಹೋದ ಕಡೆಯೆಲ್ಲ ಆ ಹೊತ್ತಿನಲ್ಲಿ ಮಕ್ಕಳು ಹಲ್ಲುಜ್ಜದೆ ಟೀವಿ ಮುಂದೆ ಕೂರುತ್ತಿದ್ದವು. ಅವಕ್ಕೆಲ್ಲ ಅವರು ಸ್ವಾಮಿ ಮಾಮ.

ಸ್ವಾಮಿ ಮಾಮನ ಮೇಜಿನ ಅಂಚಿನಲ್ಲಿ ಕೆಂಚಪ್ಪ. ವೀರನಹೊಸಹಳ್ಳಿ ಕಾಡಿನ ಗೇಟಿನ ಹತ್ತಿರದ ಮರದಿಂದ ಇಳಿದು, ಕಂಡಕ್ಟರ್ ಕಣ್ಣು ತಪ್ಪಿಸಿ ಬಸ್ ಹತ್ತಿ ಬರುವವನು. ಅವನಿಗೆ ಪ್ರಶ್ನೆ ಕೇಳುವುದೊಂದೇ ಕೆಲಸ. "ಮೇಷ್ಟ್ರೇ, ಹಸ ಹೊಗೆಸೊಪ್ಪು ಯಾಕೆ ಮುಟ್ಟಕಿಲ್ಲ?" "ಮೇಷ್ಟ್ರೇ, ಕಬಿನಿ ನೀರು ರಾತ್ರಿ ಹೊತ್ತೂ ಹರೀತದಾ?" ಸಾರ್‌ಗೆ ಗೊತ್ತಿದ್ದರೆ ಹೇಳುತ್ತಿದ್ದರು, ಗೊತ್ತಿಲ್ಲದಿದ್ದರೆ ಕ್ಯಾಮೆರಾ ಮುಂದೆಯೇ ಗೊತ್ತಿಲ್ಲ ಎಂದು ಒಪ್ಪಿಕೊಂಡು, ಯಾರನ್ನೋ ಕೇಳಿಕೊಂಡು ಬಂದು ಮುಂದಿನ ವಾರ ಹೇಳುತ್ತಿದ್ದರು. ಗೊತ್ತಿಲ್ಲ ಎನ್ನುವ ಮೇಷ್ಟ್ರನ್ನು ಆ ಮಕ್ಕಳು ಬೇರೆಲ್ಲೂ ಕಂಡಿರಲಿಲ್ಲ. ಅದಕ್ಕೇ ಅವರೆಂದರೆ ಪ್ರಾಣ.

ಮೇಜಿನ ಕೆಳಗೆ ಮೊಣಕಾಲೂರಿ ಕೂತು, ಕೈ ಮೇಲೆತ್ತಿ ಕೆಂಚಪ್ಪನನ್ನು ಆಡಿಸುತ್ತಿದ್ದವಳು ನಾನು. ದನಿಯೂ ನನ್ನದೇ. ಅರ್ಧ ಗಂಟೆ ಕೈ ಎತ್ತಿ ಹಿಡಿದರೆ ಬೆರಳಿನಿಂದ ಭುಜದವರೆಗೆ ಜೋಮು ಹಿಡಿದು, ಅದು ಯಾರದೋ ಕೈ ಎನ್ನಿಸುತ್ತಿತ್ತು. "ಒಳಗಿರೋದು ಯಾರು ಅಂತ ಗೊತ್ತಾದ್ ದಿನ ಮಕ್ಕಳ ಪಾಲಿಗೆ ಅಳಿಲು ಸತ್ತಂಗೆ ಕಣಮ್ಮ. ಯಾರಿಗೂ ಹೇಳ್ಬೇಡ" ಎಂದು ಸಾರ್ ಹೇಳಿದ್ದರು. ನಾನು ಹೇಳಲಿಲ್ಲ. ಸಾರ್ ಒಬ್ಬರೇ ತುಟಿ ಅಲ್ಲಾಡಿಸದೆ ಎರಡು ದನಿಯಲ್ಲಿ ಮಾತಾಡುತ್ತಾರೆ ಎಂದು ನಾಲ್ಕು ತಾಲ್ಲೂಕಿನ ಜನ ತಾವೇ ತೀರ್ಮಾನ ಮಾಡಿಕೊಂಡರು. ಮೈಸೂರಿನ ಪತ್ರಿಕೆಯವನೊಬ್ಬ ಅದನ್ನೇ ಫೋಟೋ ಸಮೇತ ಬರೆದ. ಸಾರ್ ಪೇಪರು ತಂದು ನನ್ನ ಮುಂದೆ ಇಟ್ಟು, "ಏನ್ಮಾಡೋದು ಪದ್ಮ, ಅವನು ಕೇಳಲಿಲ್ಲ, ನಾನು ಹೇಳಲಿಲ್ಲ" ಎಂದರು. ಜೊತೆಗೆ ಮೈಸೂರು ಪಾಕು ತಂದಿದ್ದರು. ತಿಂದೆ. ಚೆನ್ನಾಗಿತ್ತು. ಹೊಟ್ಟೆ ಮಾತ್ರ ಒಂದು ವಾರ ಉರಿಯಿತು.

ಆಮೇಲೆ ಮನೆಮನೆಗೆ ಸೆಟ್‌ಟಾಪ್ ಡಬ್ಬ ಬಂತು, ದೊಡ್ಡ ಚಾನೆಲ್ಲುಗಳು ಬಂದವು, ನಂಜಣ್ಣ ಬಾಗಿಲು ಹಾಕಿದ. ಕಡೆಯ ದಿನ ಕೆಂಚಪ್ಪನನ್ನು ಸಾರ್ ಮನೆಗೆ ಒಯ್ದರು. ನಾನು ಕೇಳಬಹುದಿತ್ತು. ಅವರೇ ಕೊಡುತ್ತಾರೆ ಎಂದು ಕಾದೆ, ಅವರಿಗೆ ಹೊಳೆಯಲಿಲ್ಲ. ಈಗ ಕೇಳಿ ತರಬೇಕು ಎಂದುಕೊಂಡೇ ಅಂಗಡಿಗೆ ಬೀಗ ಹಾಕಿ ಕೋಟೆ ಬಸ್ಸು ಹತ್ತಿದೆ. ಅಲ್ಲಿಂದ ಇನ್ನೊಂದು ಬಸ್ಸು ಹಿಡಿದು ಹಂಪಾಪುರದಲ್ಲಿ ಇಳಿದಾಗ ಬಿಸಿಲು ನೆತ್ತಿಯಿಂದ ಇಳಿಯುತ್ತಿತ್ತು.

ಮನೆಯ ಮುಂದೆ ಶಾಮಿಯಾನ ಹಾಕಿದ್ದರು. ಅವರ ಜನರ ಪದ್ಧತಿಯಂತೆ ಸಾರ್ ಅವರನ್ನು ಮಲಗಿಸದೆ ಗೋಡೆಗೆ ಒರಗಿಸಿ ಕೂರಿಸಿದ್ದರು. ಹಣೆಗೆ ವಿಭೂತಿ, ಕೊರಳಿಗೆ ಹಾರ, ಎಡಗೈಯಲ್ಲಿ ಲಿಂಗ. ಮೇಜು ಒಂದು ಇದ್ದಿದ್ದರೆ ಭಾನುವಾರ ಬೆಳಿಗ್ಗೆ ಹೇಗೆ ಕೂರುತ್ತಿದ್ದರೋ ಹಾಗೇ ಇದ್ದರು. ನಾನು ಕೈಮುಗಿದೆ. ಪಕ್ಕದ ಹೆಂಗಸು ನನ್ನ ಮುಖ ನೋಡಿದಳು, ಅಳಲಿ ಎಂದು ಕಾದಳೇನೋ. ನನ್ನಲ್ಲಿ ಅಳು ಇರಲಿಲ್ಲ.

ಜನ ಮಾತ್ರ ಜಾತ್ರೆಗೆ ಬಂದಂತೆ ಬಂದಿದ್ದರು. ಮೀಸೆ ಬಂದ ಗಂಡಸರು, ಮಗು ಎತ್ತಿಕೊಂಡ ಹೆಂಗಸರು, ಎಲ್ಲರೂ ಆಗಿನ ಮಕ್ಕಳು. ಅವರಲ್ಲಿ ಪಿರಿಯಾಪಟ್ಟಣದ ನಟರಾಜು ಮುಂದಾಳು. ಹುಡುಗನಾಗಿದ್ದಾಗ ಪ್ರತಿ ವಾರ ಫೋನ್ ಮಾಡಿ, ಒಂದೆರಡು ಸಲ ಆಫೀಸಿಗೇ ಬಂದು ನನ್ನ ಜೀವ ತಿನ್ನುತ್ತಿದ್ದವನು, ಈಗ ಟ್ರ್ಯಾಕ್ಟರ್ ಶೋರೂಮಿನಲ್ಲಿ ಕೆಲಸ. ಮೈಕಿಲ್ಲದೆಯೇ ಭಾಷಣ ಮಾಡುತ್ತಿದ್ದ.

"ಒಂದೇ ಬಾಯಲ್ಲಿ ಎರಡು ದನಿ ಕಣ್ರೀ. ಇವ್ರ ತುಟಿ ಒಂಚೂರೂ ಅಲ್ಲಾಡ್ತಿರ್ಲಿಲ್ಲ. ನಾನು ಟೀವಿಗೆ ಮೂಗು ತಾಗ್ಸ್ಕಂಡು ನೋಡಿವ್ನಿ. ಅಂಥಾ ಕಲಾವಿದ ಇನ್ನ ಹುಟ್ಟಲ್ಲ."

ತುಟಿ ಅಲ್ಲಾಡುತ್ತಿರಲಿಲ್ಲ, ನಿಜ. ಸುಮ್ಮನಿದ್ದವರ ತುಟಿ ಯಾಕೆ ಅಲ್ಲಾಡುತ್ತದೆ? ನಾನು ಚಪ್ಪಲಿಯ ತುದಿ ನೋಡುತ್ತಾ ನಿಂತೆ. ಅಷ್ಟರಲ್ಲಿ ನಟರಾಜು ಒಳಗೆ ಹೋಗಿ, ನಡುಮನೆಯ ಶೋಕೇಸಿನಿಂದ ಕೆಂಚಪ್ಪನನ್ನು ಹಿಡಿದುಕೊಂಡು ಬಂದು ಸಾರ್ ತೊಡೆಯ ಪಕ್ಕ ಇಟ್ಟ. ಜನ ಗೊಳೋ ಎಂದು ಅತ್ತರು. ಟೋಪಿಯ ಬಣ್ಣ ಮಾಸಿತ್ತು, ಒಂದು ಕಣ್ಣಿನ ಗುಂಡಿ ಜೋತು ಬಿದ್ದಿತ್ತು. ಹೊಲಿಗೆ ನನ್ನದೇ, ದೂರದಿಂದಲೇ ಗುರುತು ಸಿಕ್ಕಿತು.

"ಸತ್ತೋರ್ಗೆ ಇಷ್ಟವಾದ್ದ ಜತೇಲಿ ಕಳಿಸ್ತೀವಲ್ಲ, ಎಲೆ ಅಡಿಕೆ, ಕನ್ನಡಕ. ಹಂಗೇ ಕೆಂಚಪ್ಪನ್ನೂ ಕಳ್ಸವ" ಎಂದ ನಟರಾಜು. "ಇವ್ರಿಬ್ರುನ್ನ ಬ್ಯಾರೆ ಮಾಡಿದ್ರೆ ಪಾಪ ಬತ್ತದೆ."

ಎಲ್ಲರೂ ಹೂಂ ಎಂದರು. ವಿಧಿ ಮಾಡಿಸಲು ಬಂದಿದ್ದ ಅಯ್ಯನವರು ಸ್ವಲ್ಪ ಮುಖ ಹಿಂಡಿದರು. "ಎಡಗೈಲಿ ಲಿಂಗ ಅದೆ. ಅದುಕ್ಕೆ ತಾಗದಂಗೆ ಬಲಗಡೆ ಇಟ್ಕಳಿ" ಎಂದು ಕೊನೆಗೆ ಅವರೂ ಒಪ್ಪಿದರು. ಪ್ರೀತಿಯಿಂದ ಮಾಡುವ ಕೆಲಸಕ್ಕೆ ಅಡ್ಡ ಬರುವವರು ಯಾರು?

ನಾನು ಹಿತ್ತಿಲ ಬಾಗಿಲಿನಿಂದ ಒಳಗೆ ಹೋದೆ. ಸಾರ್ ಹೆಂಡತಿ ಸುನಂದಮ್ಮ ಅಡುಗೆಮನೆಯ ಗೋಡೆಗೆ ಒರಗಿ ಕಾಲು ಚಾಚಿ ಕೂತಿದ್ದರು. ನನ್ನನ್ನು ನೋಡಿ ಪಕ್ಕದ ಜಾಗ ತಟ್ಟಿದರು. ಕೂತೆ.

"ಅದುನ್ನ ಕೇಳಕ್ ಬಂದ್ಯಾ ಪದ್ಮ?" ಎಂದರು.

ಮುಚ್ಚಿಡುವುದೇನು? "ಹೂಂ ಅಕ್ಕ" ಎಂದೆ.

"ನಂಗೊತ್ತು ಕಣವ್ವ, ಅದು ನಿಂದು. ನಮ್ಮನೆಯೋರ್ಗೆ ಬೆಕ್ಕು ಓಡ್ಸಕ್ಕೂ ದನಿ ಏಳ್ತಿರ್ಲಿಲ್ಲ." ಸೆರಗಿನಲ್ಲಿ ಮೂಗು ಒರೆಸಿಕೊಂಡರು. "ಆದ್ರೆ ಆಚೆ ನೋಡು. ನಾನು ಈ ಮನೆಗೆ ಬಂದ್ ಮ್ಯಾಲೆ ಇಷ್ಟು ಜನ ಯಾರ್ಗೂ ಬಂದಿದ್ದಿಲ್ಲ. ಈಗ ನೀನು ಬಾಯಿ ಬುಟ್ರೆ ನಮ್ಮನೆಯೋರು ಸುಳ್ಳುಗಾರ್ರಾಯ್ತಾರೆ. ಇವತ್ತೊಂದಿನ ಅಂಗೇ ಹೋಗ್ಲಿ ಬುಡು. ಮಣ್ಣಾಗ್ಲಿ, ಆಮ್ಯಾಕೆ ತಕಂಡೋಗು."

"ಮಣ್ಣಾದ್ಮೇಲೆ ಏನ್ ತಗೊಂಡ್ ಹೋಗ್ಲಿ ಅಕ್ಕ? ಅದನ್ನೂ ಗುಂಡಿಗೆ ಹಾಕ್ತಾರಂತೆ."

ಅವರಿಗೆ ಅದು ಗೊತ್ತಿರಲಿಲ್ಲ. ಅಷ್ಟರಲ್ಲಿ ಹೆಂಗಸರು ಬಂದು ಅವರನ್ನು ಎಬ್ಬಿಸಿಕೊಂಡು ಹೋದರು. ಅವರ ಮೇಲೆ ನನಗೆ ಸಿಟ್ಟು ಬರಲಿಲ್ಲ. ಗಂಡನ ಹೆಸರು ಕಾಯುವುದು ತಪ್ಪೇನಲ್ಲ. ಆದರೆ ಆ ಹೆಸರಿನಲ್ಲಿ ಅರ್ಧ ನನ್ನದು. ಈಗ ಕೆಂಚಪ್ಪನನ್ನೂ ಹೂಳುತ್ತಾರೆ, ಇನ್ನು ಮುಂದೆ ನಾನೇ ಆ ದನಿ ಎಂದರೂ ನಂಬುವವರಿಲ್ಲ. ತೋರಿಸುವುದಕ್ಕೆ ನನ್ನ ಹತ್ತಿರ ಬೇರೆ ಏನಿದೆ? ಕಾರ್ಯಕ್ರಮದ ಒಂದು ಕ್ಯಾಸೆಟ್ಟೂ ಉಳಿದಿಲ್ಲ, ಒಂದರ ಮೇಲೊಂದು ರೆಕಾರ್ಡ್ ಮಾಡಿ ನಂಜಣ್ಣ ಎಲ್ಲವನ್ನೂ ಸವೆಸಿದ್ದ.

ಗುಂಡಿ ಅವರ ಹೊಲದಲ್ಲೇ ತೋಡಿದ್ದರು. ಒಳಗೆ ಗೂಡು ಕೊರೆದು ಸಾರ್ ಅವರನ್ನು ಅದರಲ್ಲಿ ಕೂರಿಸಿದರು. ಅಯ್ಯನವರು ಮಂತ್ರ ಹೇಳಿ, ವಿಭೂತಿ ಗಟ್ಟಿ, ಬಿಲ್ವಪತ್ರೆ ಇಡಿಸಿದರು. ಗುಂಡಿಯ ಸುತ್ತ ಜನ ಒತ್ತಿಕೊಂಡು ನಿಂತರು. ನಟರಾಜು ಕೆಂಚಪ್ಪನನ್ನು ಹಿಡಿದು ಬಗ್ಗಿದವನು, ಯಾಕೋ ನಿಂತು ನನ್ನ ಕಡೆ ತಿರುಗಿದ.

"ಮೇಡಮ್, ನೀವು ಆಫೀಸಲ್ಲಿ ಫೋನ್ ಎತ್ತುತಿದ್ದೋರು ಅಲ್ವಾ? ಅವ್ರ ಜತೆ ಕೆಲಸ ಮಾಡಿದ್ದೋರು. ನೀವೇ ಇಟ್ಬುಡಿ."

ಕೈಗೆ ಕೊಟ್ಟ. ನಾನು ಗುಂಡಿಯ ಅಂಚಿನಲ್ಲಿ ಮೊಣಕಾಲೂರಿದೆ. ಇಟ್ಟುಬಿಡೋಣ ಎಂದೇ ಇದ್ದೆ, ದೇವರಾಣೆ. ಅಷ್ಟು ಜನರ ಮುಂದೆ ಕಿತ್ತಾಡುವ ಶಕ್ತಿ ನನಗಿರಲಿಲ್ಲ, ಆಸೆಯೂ ಸತ್ತಂತೆ ಇತ್ತು. ಆದರೆ ಮೊಣಕಾಲೂರಿ ಕೂತದ್ದೇ ತಪ್ಪಾಯಿತು. ಕೈಗೆ ಅಭ್ಯಾಸ. ಅದು ತನ್ನಷ್ಟಕ್ಕೆ ಟೋಪಿಯೊಳಗೆ ಹೋಯಿತು. ಬೆರಳು ತಲೆಗೆ ಸಿಕ್ಕಿತು, ಹೆಬ್ಬೆರಳು ತೋಳಿಗೆ ಸಿಕ್ಕಿತು. ಕೆಂಚಪ್ಪ ತಲೆ ಎತ್ತಿ, ಸ್ವಲ್ಪ ಓರೆ ಮಾಡಿ, ಗೂಡಿನಲ್ಲಿದ್ದ ಸಾರ್ ಮುಖವನ್ನು ನೋಡಿದ.

ಅಳುತ್ತಿದ್ದವರು ನಿಲ್ಲಿಸಿದರು. ಅದೇ ಓರೆ, ಅದೇ ಬಗೆ, ಪ್ರತಿ ಭಾನುವಾರ ಅವರು ಕಂಡದ್ದು. ನಟರಾಜು ಬೊಂಬೆಯನ್ನು ನೋಡಿದ, ನನ್ನ ಕೈ ನೋಡಿದ, ಗುಂಡಿಯೊಳಗೆ ನೋಡಿದ. ಅವನ ಮುಖ ಹುಡುಗನ ಮುಖವಾಯಿತು. ನಾನು ಕೈ ಹೊರಗೆ ತೆಗೆಯಲು ಹೋದೆ.

"ತಗೀಬ್ಯಾಡ ಪದ್ಮ" ಎಂದರು ಸುನಂದಮ್ಮ. ಗುಂಡಿಯ ಆಚೆ ಅಂಚಿನಲ್ಲಿ ಇಬ್ಬರು ಹೆಂಗಸರ ಹೆಗಲ ಮೇಲೆ ಕೈ ಹಾಕಿ ನಿಂತಿದ್ದರು. ದನಿ ಜೋರಾಗಿರಲಿಲ್ಲ. "ನಟರಾಜು, ಅದುನ್ನ ಒಳಿಕ್ಕೆ ಹಾಕ್ಬ್ಯಾಡಪ್ಪ. ಅದು ಇವುಳ್ ಕೈ. ಮಾತಾಡ್ತಿದ್ದೋಳೂ ಇವ್ಳೇ. ನಮ್ಮನೆಯೋರು ಬರೀ ಕೂತಿರೋರು. ಬದುಕಿರೋಳ ಕೈಯ ಸತ್ತೋರ ಜತೆ ಮಣ್ಣು ಮಾಡ್ತಾರಾ?"

ಗಂಡನ ಮುಖ ಇನ್ನೂ ಕಾಣುತ್ತಿರುವಾಗಲೇ ಅವರ ದೊಡ್ಡ ಹೆಸರನ್ನು ಆಕೆ ತಾವೇ ತೆಗೆದು ನನಗೆ ಕೊಟ್ಟರು. ನಾನು ಹುಣಸೂರಿನಿಂದ ಬಂದದ್ದು ಅದಕ್ಕೇ. ಸಿಕ್ಕಿತು. ಸಂತೋಷವಾಗಬೇಕಿತ್ತು, ಆಗಲಿಲ್ಲ. ಸುನಂದಮ್ಮನ ಮುಖ ನೋಡಲು ನಾಚಿಕೆಯಾಯಿತು, ಅಷ್ಟೇ.

"ಹೊತ್ತಾಯ್ತದೆ, ಮಣ್ಣು ಎಳೀರಪ್ಪ" ಎಂದರು ಅಯ್ಯನವರು. ಗುಂಡಿ ತೋಡಿದ್ದ ಇಬ್ಬರು ಗುದ್ದಲಿ ಹಿಡಿದರು. ಒಂದೊಂದು ಹಿಡಿ ಮಣ್ಣು ಹಾಕಲು ಬಂದಿದ್ದ ಜನ ಅದನ್ನು ಮರೆತು ನನ್ನ ಸುತ್ತ ತಿರುಗಿಕೊಂಡರು. ಸಾರ್ ಕಡೆ ನೋಡುತ್ತಿದ್ದವರು ಸುನಂದಮ್ಮ ಒಬ್ಬರೇ.

"ನೀವಾ ಮೇಡಮ್?" ಎಂದ ನಟರಾಜು. "ಒಂದ್ಸಲ ಮಾತಾಡ್ಸಿ. ಒಂದೇ ಒಂದ್ ಮಾತು."

ಮೊಬೈಲುಗಳು ಮೇಲೆದ್ದವು. ಒಬ್ಬಳು ತನ್ನ ಮಗುವನ್ನು ಮುಂದಕ್ಕೆ ಎತ್ತಿ ಹಿಡಿದು, "ನೋಡು, ಅಳಿಲು ಮಾತಾಡ್ತದೆ" ಎಂದಳು. ನಾನು ಎದ್ದು ಅವರ ಕಡೆ ತಿರುಗಿ ಕೈ ಎತ್ತಿದೆ. ಕೆಂಚಪ್ಪ ಎಲ್ಲರನ್ನೂ ಒಂದು ಸುತ್ತು ನೋಡಿದ. ಬಾಯಿ ತೆರೆದೆ. ದನಿ ಗಂಟಲಿನಲ್ಲಿ ಇತ್ತು, ನನ್ನದೇ ದನಿ, ಎಲ್ಲೂ ಹೋಗಿರಲಿಲ್ಲ. ಆದರೆ ಅಷ್ಟು ವರ್ಷದಲ್ಲಿ ಒಂದು ದಿನವೂ ಕೆಂಚಪ್ಪ ತಾನಾಗಿ ಮೊದಲು ಮಾತಾಡಿದವನಲ್ಲ. ಸಾರ್ ಮೇಜು ತಟ್ಟಿ, "ಏನಪ್ಪ, ಇವತ್ತೇನು ಸಮಾಚಾರ?" ಎನ್ನಬೇಕು. ಆಮೇಲೇ ಇವನು ಬಾಯಿ ಬಿಡುವುದು.

ನನ್ನ ಬೆನ್ನ ಹಿಂದೆ ಮಣ್ಣು ಬೀಳುತ್ತಿತ್ತು. ನಾನು ಕೈ ಎತ್ತಿ ಹಿಡಿದುಕೊಂಡೇ ಕಾದೆ. ಜನರೂ ಕಾದರು. ಯಾರೂ ಸಮಾಚಾರ ಕೇಳಲಿಲ್ಲ. ಸಾರ್ ಸತ್ತಿದ್ದಾರೆ ಎಂದು ನನಗೆ ಗೊತ್ತಾದದ್ದು ಆಗ.